ಹತ್ತಿಮೂಲ

ಗೋಕುಲ ರೋಡ್, ಹುಬ್ಬಳ್ಳಿ
8 ನವೆಂಬರ್ 2000

ಶ್ರೀ ಬಸವಪ್ರಭು ಅವರಿಗೆ,
ಹತ್ತಿ ವ್ಯಾಪಾರಸ್ಥರು ಹಾಗೂ ಜಿನ್ನಿನ ಮಾಲೀಕರು, ಅಮರಗೋಳ

ಮಾನ್ಯರೇ,

ನಮ್ಮ ಕಾರ್ಖಾನೆಗೆ ಜರ್ಮನಿಯಿಂದ ಆರು ನೂರು ಜಮಖಾನೆಗಳ ಬೇಡಿಕೆ ಬಂದಿದೆ. ಚಿಕ್ಕ ಮಕ್ಕಳ ಶಾಲೆಗಳಲ್ಲಿ ಹಾಸುವುದಕ್ಕಂತೆ. ಕೂಸುಗಳು ಅದರ ಮೇಲೆ ಹೊರಳುತ್ತವೆ, ಅಂಚನ್ನು ಬಾಯಿಗೂ ಹಾಕಿಕೊಳ್ಳುತ್ತವೆ. ಆದ್ದರಿಂದ ಬಣ್ಣ ಬೇಡ, ವಿಷ ಹೊಡೆಯದ ಹತ್ತಿಯೇ ಬೇಕು ಎಂದು ಅಲ್ಲಿಯ ಕಂಪನಿಯ ಮೇಡಂ ಬರೆದಿದ್ದಾರೆ. ಬಾಯಿಮಾತು ಅವರಿಗೆ ಸಾಲದು. ಹೊಲದಿಂದ ಹಿಡಿದು ನಮ್ಮ ಬಾಗಿಲು ದಾಟುವವರೆಗೆ ಹತ್ತಿ ಯಾರ ಯಾರ ಕೈ ಹಾಯ್ದು ಬಂತು ಎಂದು ಪ್ರತಿಯೊಬ್ಬರೂ ಬರೆದು ಸಹಿ ಮಾಡಬೇಕು. ಮೂವತ್ತೊಂದು ಪ್ರಶ್ನೆಗಳಿವೆ. ಕನ್ನಡಕ್ಕೆ ತಿರುಗಿಸಿ ಇದರೊಂದಿಗೆ ಇಟ್ಟಿದ್ದೇನೆ.

ನಮಗೆ ಬೇಕಾದ ಕುಳ್ಳ ಎಳೆಯ ಜಯಧರ ಹತ್ತಿ ಅಪ್ಪನ ಕಾಲದಿಂದಲೂ ನಿಮ್ಮ ಜಿನ್ನಿನಲ್ಲೇ ಬೀಜ ಬಿಡಿಸಿ, ಅರಳೆಯಾಗಿ ಬರುತ್ತದೆ. ಹಾಗಾಗಿ ನಿಮಗೆ ಬರೆಯದೆ ಗತ್ಯಂತರವಿಲ್ಲ. ಉತ್ತರಗಳನ್ನು ಟಪಾಲಿನಲ್ಲಿ ಕಳಿಸಿದರೆ ಸಾಕು. ಕಾರ್ಖಾನೆಗೆ ಬರುವ ತೊಂದರೆ ತೆಗೆದುಕೊಳ್ಳಬೇಡಿ.

ಇತಿ,
ಆರತಿ


ಅಮರಗೋಳ
14 ನವೆಂಬರ್ 2000

ಚಿ. ಆರತಿಗೆ ಬಸವಪ್ರಭು ಕಾಕಾನ ಆಶೀರ್ವಾದಗಳು.

‘ಮಾನ್ಯರೇ’ ಎಂದು ಓದಿ ಒಮ್ಮೆ ಹಿಂದೆ ತಿರುಗಿ ನೋಡಿದೆ, ಯಾರಾದರೂ ದೊಡ್ಡ ಮನುಷ್ಯರು ಬಂದು ನಿಂತಿದ್ದಾರೋ ಎಂದು. ನಾನು ನಿನ್ನ ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ. ನೆನಪಿದೆಯಲ್ಲ? ನೀನು ನನ್ನ ಕೂಡ ಮಾತು ಬಿಟ್ಟು ಮೂರು ವರ್ಷವಾಯಿತು. ಮೂರು ವರ್ಷಕ್ಕೆ ಬಂದ ಮೊದಲ ಕಾಗದದಲ್ಲಿ ಮೂವತ್ತೊಂದು ಪ್ರಶ್ನೆ. ವರ್ಷಕ್ಕೆ ಹತ್ತರಂತೆ ಕೂಡಿಟ್ಟಿದ್ದೆಯೋ ಹೇಗೆ?

ನದಿಮೂಲ, ಋಷಿಮೂಲ ಕೇಳಬಾರದು ಎಂದು ಹಿರಿಯರು ಹೇಳಿದ್ದಾರೆ. ಹತ್ತಿಮೂಲ ಕೇಳುವವರು ಇರುತ್ತಾರೆ ಎಂದು ಅವರಿಗೂ ಹೊಳೆದಿರಲಿಕ್ಕಿಲ್ಲ. ಕೇಳಿದ್ದೀಯಲ್ಲ, ತಗೋ. ಪ್ರಶ್ನೆ 4, ಹತ್ತಿ ಯಾವ ಹೊಲದ್ದು? ಅಮರಗೋಳ ಪೇಟೆಯದ್ದು. ಪ್ರಶ್ನೆ 9, ಬೆಳೆಗೆ ಏನು ಸಿಂಪಡಿಸಿದ್ದರು? ಗೊತ್ತಿಲ್ಲ. ಪ್ರಶ್ನೆ 12, ಹತ್ತಿ ಬಿಡಿಸಿದವರು ಯಾರು? ಹೆಣ್ಣುಮಕ್ಕಳು. ಉಳಿದವು ಕಾಗದದಲ್ಲಿವೆ. ನಮ್ಮ ಜಿನ್ನಿನ ಮೇಸ್ತ್ರಿ ಶಾಬುದ್ದೀನನಿಗೆ ಓದಿ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕು, "ಧಣ್ಯಾರ, ಕನ್ಯಾ ಕೊಡಾಕರ ಇಷ್ಟ ಕೇಳ್ತಾರೇನ್ರಿ?" ಎಂದ.

ಮೈ ಕಡೆ ಜೋಪಾನ. ಕೆಮ್ಮು ಹೆಂಗಿದೆ?

ಬಸವಪ್ರಭು


ಹುಬ್ಬಳ್ಳಿ
20 ನವೆಂಬರ್ 2000

ಮಾನ್ಯರೇ,

ನಿಮ್ಮ ಉತ್ತರಗಳನ್ನು ಹಿಂದಕ್ಕೆ ಕಳಿಸಿದ್ದೇನೆ. ಮೂವತ್ತೊಂದರಲ್ಲಿ ಹತ್ತೊಂಬತ್ತು ಕಡೆ ‘ಗೊತ್ತಿಲ್ಲ’ ಎಂದಿದೆ. ಒಂದು ಕಡೆ ‘ದೇವರಿಗೇ ಗೊತ್ತು’ ಎಂದಿದೆ. ದೇವರ ಸಹಿ ತರಿಸುವುದು ನನ್ನಿಂದ ಆಗುವುದಿಲ್ಲ.

ನಗುವುದಕ್ಕೆ ಬರೆದದ್ದಲ್ಲ. ನಮ್ಮಲ್ಲಿ ಹದಿನಾಲ್ಕು ನೇಕಾರ ಹೆಣ್ಣುಮಕ್ಕಳಿದ್ದಾರೆ. ಗಿರಣಿಯ ಅಗ್ಗದ ಹಾಸು ಬಂದಮೇಲೆ ನಮ್ಮ ಜಮಖಾನೆಯನ್ನು ಊರಲ್ಲಿ ಕೇಳುವವರಿಲ್ಲ. ಈ ಬೇಡಿಕೆ ಕೈ ತಪ್ಪಿದರೆ ಯುಗಾದಿಯ ಹೊತ್ತಿಗೆ ಮಗ್ಗ ನಿಲ್ಲುತ್ತವೆ. ನಿಮಗೆ ನಿಜವಾಗಿಯೂ ತಿಳಿಯದಿದ್ದರೆ, ತಿಳಿದವರನ್ನು ಕೇಳಿ ಬರೆಯಿರಿ.

ಮತ್ತೆ, ಹತ್ತಿ ಎಲ್ಲಿಂದ ಬರುತ್ತದೆ ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ನಿಮಗೆ ಕೇಳಬೇಕೆನಿಸಲಿಲ್ಲವೇ? ಇದು ಪಟ್ಟಿಯಲ್ಲಿ ಇಲ್ಲದ ಪ್ರಶ್ನೆ. ಉತ್ತರ ಕೊಡಲೇಬೇಕೆಂದಿಲ್ಲ.

ಆರತಿ

(ಕೆಮ್ಮು ಹೋಗಿದೆ.)


ಅಮರಗೋಳ
22 ಜನವರಿ 2001

ಚಿ. ಆರತಿಗೆ ಆಶೀರ್ವಾದಗಳು.

ಪಟ್ಟಿಯಲ್ಲಿ ಇಲ್ಲದ ಪ್ರಶ್ನೆಯೇ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಮೂವತ್ತೈದು ವರ್ಷ ಹತ್ತಿಯ ವ್ಯಾಪಾರ ಮಾಡಿದವನು ಮೊನ್ನೆ ಮೊದಲ ಸಲ ಹತ್ತಿಯ ಹೊಲದಲ್ಲಿ ನಿಂತೆ. ನಗಬೇಡ. ನಿನ್ನ ಚಿಗವ್ವ ಆಗಲೇ ನಕ್ಕಾಗಿದೆ.

ಹೊಲ ಹುಡುಕಿಕೊಟ್ಟವನು ಶಾಬುದ್ದೀನ. ಹತ್ತಿ ತುಂಬಿ ತರುವ ದೊಡ್ಡ ಚೀಲ, ನಮ್ಮ ಅಂಡಗಿ, ಅದರ ಬಾಯಿ ಹೊಲಿದ ರೀತಿ ನೋಡಿಯೇ ಅವನು ಊರು ಹೇಳುತ್ತಾನೆ. ನವಲಗುಂದದ ಕಡೆಯವರು ಉದ್ದ ಹೊಲಿಗೆ ಹಾಕುತ್ತಾರೆ. ಶಿರಗುಪ್ಪಿಯವರು ಎರಡು ಸಲ ಸುತ್ತಿ ಗಂಟು ಬಿಗಿಯುತ್ತಾರೆ. ನನ್ನ ಜಿನ್ನಿನಲ್ಲೇ ಇಷ್ಟೆಲ್ಲ ಓದು ನಡೆದಿತ್ತು, ನನಗೆ ಅಕ್ಷರ ಗೊತ್ತಿರಲಿಲ್ಲ! ಹಾಗೆ ಶಿರಗುಪ್ಪಿಗೆ ಹೋಗಿ ಹೊಳೆಯಪ್ಪ ಎಂಬ ರೈತನನ್ನು ಹಿಡಿದೆ. ಅರವತ್ತರ ಹತ್ತಿರದ ಮನುಷ್ಯ. ಅವನೂ ಅವನ ಸುತ್ತಿನ ಏಳು ಮನೆಯವರೂ ಜಯಧರವನ್ನು ಬಿಟ್ಟಿಲ್ಲ.

ಹೊಲದಲ್ಲಿ ಹಳದಿ ಹೂ ಇನ್ನೂ ಇತ್ತು, ಕಾಯಿ ಕಟ್ಟುತ್ತಿತ್ತು. ಪ್ರಶ್ನೆ 9 ಓದಿದೆ. ಔಷಧಕ್ಕೆ ಅವರು ‘ಎಣ್ಣಿ’ ಎನ್ನುತ್ತಾರೆ. ಹೊಳೆಯಪ್ಪ, "ಜಯಧರಕ್ಕ ಯಾಕ್ರಿ ಎಣ್ಣಿ? ಹುಳಾ ಒಂದೀಟ ತಿಂತಾವ, ಅದು ಒಂದೀಟ ಉಳಸ್ತೈತಿ. ಮಳಿ ಹೋದಮ್ಯಾಲೂ ಎರಿಭೂಮ್ಯಾಗಿನ ಹಸೀ ಕುಡದ ಬೆಳಿತೈತಿ" ಎಂದ. ಅವರ ಅಜ್ಜನೂ ಹೊಡೆದಿಲ್ಲವಂತೆ.

ಆದರೆ ಬದುವಿನ ಆಚೆ ಪಕ್ಕದವರ ಡಿ.ಸಿ.ಎಚ್. ಇದೆ. ಗೊತ್ತಲ್ಲ, ಉದ್ದ ಎಳೆಯ ಹೈಬ್ರಿಡ್ ಹತ್ತಿ. ನೋಡಲು ರೇಷ್ಮೆ, ಬೆಳೆಯುವಷ್ಟು ದಿನವೂ ಔಷಧ ಕುಡಿಯುತ್ತಲೇ ಇರುತ್ತದೆ. ಗಾಳಿಗೆ ಆ ವಿಷ ಈಚೆ ಬರುವುದಿಲ್ಲವೇ ಎಂದು ಕೇಳಿದೆ. ಇದು ನಿನ್ನ ಜರ್ಮನಿ ಮೇಡಂ ಅವರ ಪಟ್ಟಿಯಲ್ಲಿ ಇಲ್ಲ, ನನ್ನದೇ ಪ್ರಶ್ನೆ. ಅವನು ಬದುವಿನ ಗುಂಟ ಮೂರು ಸಾಲು ಎತ್ತರದ ಜೋಳ ಬಿತ್ತಿದ್ದಾನೆ. ಗಾಳಿ ತಡೆಯುವುದಕ್ಕೆ. ಯಾರು ಹೇಳಿಕೊಟ್ಟರು ಎಂದರೆ, "ಯಾರೂ ಇಲ್ರಿ. ಮೂಗಿಗೆ ವಾಸನಿ ಬಂತು, ಹಾಕಿದೆ" ಎಂದ. ಆ ಸಾಲುಗಳ ಉದ್ದವನ್ನು ಹೆಜ್ಜೆ ಹಾಕಿ ಅಳೆದೆ. ನೂರಾ ಇಪ್ಪತ್ತು.

ಈಗ ಪೇಟೆಗೆ ಬಂದ ಪ್ರತಿ ಗಾಡಿಗೂ "ಯಾವ ಹೊಲದ್ದಪಾ?" ಎಂದು ಕೇಳುತ್ತೇನೆ. ಉಳಿದ ದಲಾಲರು ನನಗೆ ಸಿ.ಬಿ.ಐ. ಎಂದು ಹೆಸರಿಟ್ಟಿದ್ದಾರೆ. ‘ಗೊತ್ತಿಲ್ಲ’ ಹತ್ತೊಂಬತ್ತರಿಂದ ಆರಕ್ಕೆ ಇಳಿದಿದೆ, ನೋಡು.

ನಿನ್ನ ಕಾಕಾ,
ಬಸವಪ್ರಭು


ಹುಬ್ಬಳ್ಳಿ
2 ಮಾರ್ಚ್ 2001

ಕಾಕಾ ಅವರಿಗೆ,

ಜೋಳದ ಸಾಲಿನ ಸಂಗತಿಯನ್ನು ಜರ್ಮನಿಗೆ ಬರೆದಿದ್ದೆ. ಆ ಮೇಡಂ ತಿರುಗಿ ಬರೆದಿದ್ದಾರೆ: ಜೋಳ ಎಷ್ಟು ಎತ್ತರ, ಆ ಜೋಳವನ್ನು ಯಾರು ತಿನ್ನುತ್ತಾರೆ? ಎರಡನೆಯದಕ್ಕೆ ನಾನೂ ನಿಂತುಬಿಟ್ಟೆ. ಗಾಳಿಯ ವಿಷವನ್ನು ಅದು ತಡೆದರೆ ಅದರ ಮೈಮೇಲೇ ಇರುತ್ತದಲ್ಲ? ಹೊಳೆಯಪ್ಪನವರನ್ನು ಕೇಳಿ ಬರೆಯಿರಿ.

ಹತ್ತಿ ಬಿಡಿಸಲು ಶುರುವಾಗಿರಬೇಕು. ಪ್ರಶ್ನೆ 17 ಎಲ್ಲಕ್ಕಿಂತ ಮುಖ್ಯ. ‘ಈ ಹತ್ತಿಗೆ ನಿಮ್ಮಲ್ಲಿ ಬೇರೆ ಹತ್ತಿ ಸೇರಿದೆಯೇ?’ ಚಳಿಗಾಲದಲ್ಲಿ ನಿಮ್ಮ ಜಿನ್ನಿನಲ್ಲಿ ಡಿ.ಸಿ.ಎಚ್. ಹಾಯ್ದಿರುತ್ತದೆ. ಯಂತ್ರ ನಿಲ್ಲಿಸಿ, ಹಲ್ಲು, ಪೆಟ್ಟಿಗೆ, ನೆಲ ಎಲ್ಲ ಗುಡಿಸಿದ ಮೇಲೆಯೇ ಶಿರಗುಪ್ಪಿಯ ಹತ್ತಿ ಹಾಕಿಸಿ. ಒಂದು ದಿನದ ಕೆಲಸ ನಿಲ್ಲುತ್ತದೆ, ಗೊತ್ತು. ಇದೊಂದನ್ನು ನಾನು ಕೇಳಿಕೊಳ್ಳುತ್ತಿದ್ದೇನೆ.

ಆರತಿ


ಅಮರಗೋಳ
26 ಏಪ್ರಿಲ್ 2001

ಚಿ. ಆರತಿಗೆ ಆಶೀರ್ವಾದಗಳು.

ಜೋಳವನ್ನು ಯಾರೂ ತಿನ್ನುವುದಿಲ್ಲ. ದನಕ್ಕೂ ಹಾಕುವುದಿಲ್ಲ, ಒಲೆಗೆ ಹಾಕುತ್ತಾರೆ. ಕೇಳಿದ್ದಕ್ಕೆ ಹೊಳೆಯಪ್ಪನ ಸೊಸೆ ವಿದ್ಯಾ, "ಈ ಪ್ರಶ್ನಿ ಕೇಳಿದಾಕಿ ಹೆಣ್ಣಮಗಳ ಇರಬೇಕ್ರಿ" ಎಂದು ನಕ್ಕಳು. ಆ ಹುಡುಗಿ ಹತ್ತನೇ ಇಯತ್ತೆ ಪಾಸಾದವಳು. ಎಂಟೂ ಮನೆಯವರ ಕಾಗದ ಅವಳೇ ತುಂಬಿದಳು.

ಯಂತ್ರ ಒಂದಲ್ಲ, ಎರಡು ದಿನ ನಿಲ್ಲಿಸಿದೆ. ಶಾಬುದ್ದೀನ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮೂಲೆ ಮೂಲೆ ಉಜ್ಜಿದ್ದಾನೆ. ಅರಳೆ ನೂಲಿನ ಗಿರಣಿಗೆ ನಿನ್ನೆ ಹೋಯಿತು. ಪ್ರಶ್ನೆ 17ಕ್ಕೆ ‘ಇಲ್ಲ’ ಎಂದು ಬರೆದು ಸಹಿ ಹಾಕಿದ್ದೇನೆ. ಮೂವತ್ತೊಂದೂ ತುಂಬಿವೆ.

ನೀನು ಏನೂ ಚಿಂತೆ ಮಾಡಬೇಡ. ಜರ್ಮನಿಯಲ್ಲಿ ನಿನ್ನ ಹೆಸರು ಕೆಡದಂತೆ ನೋಡಿಕೊಳ್ಳುವುದು ನನ್ನ ಹೊಣೆ.

ಬಸವಪ್ರಭು


ಹುಬ್ಬಳ್ಳಿ
11 ಜುಲೈ 2001

ಪ್ರಿಯ ಕಾಕಾ,

ನೂಲು ಬಂದಿದೆ, ಮಗ್ಗಕ್ಕೂ ಏರಿದೆ. ಮುರಿಗೆವ್ವನನ್ನು ನೀವು ಮರೆತಿರಲಾರಿರಿ, ಅಪ್ಪನ ಕಾಲದಿಂದ ಮೊದಲ ಮಗ್ಗದಲ್ಲಿ ಕೂರುವವರು. ಅವರು ನೂಲನ್ನು ಬೆರಳಿಗೆ ಸುತ್ತಿ ಎಳೆದು ನೋಡಿ, "ಯವ್ವಾ, ನನ್ನ ಜನ್ಮದಾಗ ಇಂಥಾ ಜಯಧರ ನೋಡಿಲ್ಲವಾ. ಹರಿಯಾಕ ಒಲ್ಲದು!" ಎಂದರು. ದಿನಕ್ಕೆ ಐದಾರು ಸಲವೂ ಹರಿಯುತ್ತಿಲ್ಲ. ಕುಳ್ಳ ಎಳೆಯ ಹತ್ತಿಗೆ ಇಷ್ಟು ಗಟ್ಟಿತನ ಎಲ್ಲಿಂದ ಬಂತು? ಗುಡಿಸಿ ಶುದ್ಧವಾಗಿ ಜಿನ್ನು ಮಾಡಿದ್ದಕ್ಕೆ ಹೀಗಾಗಿರಬಹುದೇ? ನಿಮಗೇನನಿಸುತ್ತದೆ?

ಮೊದಲ ನೂರು ಜಮಖಾನೆ ಮುಂದಿನ ತಿಂಗಳು ಹೊರಡುತ್ತವೆ. ನಿಮಗೆ ಥ್ಯಾಂಕ್ಸ್ ಹೇಳಬೇಕು. ಹೇಳಿದ್ದೇನೆ.

ಆರತಿ


ಅಮರಗೋಳ
17 ಜುಲೈ 2001

ಚಿ. ಆರತಿಗೆ,

ನಿನ್ನ ಕಾಗದವನ್ನು ಚಿಗವ್ವನಿಗೆ ಎರಡು ಸಲ ಓದಿ ಹೇಳಿದೆ. ಎರಿಭೂಮಿಯ ಗುಣ ಅಷ್ಟೇ, ಇನ್ನೇನು. ಹೆಚ್ಚು ಮೂಲ ಕೆದಕಬೇಡ. ಮಗ್ಗ ನಡೆಯಲಿ.

ಬಸವಪ್ರಭು


ಹುಬ್ಬಳ್ಳಿ
3 ಸೆಪ್ಟೆಂಬರ್ 2001

ಪ್ರಿಯ ಕಾಕಾ,

ಕೆಟ್ಟ ಸುದ್ದಿ. ಜರ್ಮನಿಯವರು ಒಂದು ಜಮಖಾನೆಯನ್ನು ಪ್ರಯೋಗಾಲಯಕ್ಕೆ ಕಳಿಸಿದ್ದರು. ಅದರಲ್ಲಿ ಹತ್ತಿಗೆ ಹೊಡೆಯುವ ಔಷಧ ಸಿಕ್ಕಿದೆಯಂತೆ. ಸ್ವಲ್ಪವೇ, ಆದರೆ ಸಿಕ್ಕಿದೆ. ನೂರೂ ಜಮಖಾನೆಗಳನ್ನು ತಡೆಹಿಡಿದಿದ್ದಾರೆ. ಯಾವ ಹಂತದಲ್ಲಿ ಸೇರಿತು ಎಂದು ಈ ತಿಂಗಳೊಳಗೆ ಹೇಳದಿದ್ದರೆ ರೈತರೇ ಸುಳ್ಳು ಹೇಳಿದ್ದಾರೆ ಎಂದು ತಿಳಿದು ಶಿರಗುಪ್ಪಿಯ ಎಂಟೂ ಹೆಸರು ಹೊಡೆದುಹಾಕುತ್ತಾರೆ. ನಮ್ಮದೂ ಅಲ್ಲಿಗೆ ಮುಗಿಯುತ್ತದೆ.

ಹೊಳೆಯಪ್ಪ ನಿಜವಾಗಿಯೂ ಹೊಡೆದಿಲ್ಲವೇ? ನೀವು ಕಣ್ಣಾರೆ ನೋಡಿದವರು. ಲಗೂ ಬರೆಯಿರಿ. ಅವರಿಗೂ ನೇರವಾಗಿ ಒಂದು ಕಾಗದ ಹಾಕುತ್ತಿದ್ದೇನೆ.

ಆರತಿ


ಶಿರಗುಪ್ಪಿ
19 ಸೆಪ್ಟೆಂಬರ್ 2001

ಅಕ್ಕಾರ, ನಾ ಹೊಳೆಯಪ್ಪ. ಸಾಲಿ ಕಲತಾಂವ ಅಲ್ಲ. ನಮ್ಮ ಸೊಸಿ ವಿದ್ಯಾ ಬರಿಯಾಕತ್ತಾಳ. ನಾ ಹೇಳಿದ್ದ ಹೇಳಿದಂಗ ಬರಿ, ಛಂದ ಮಾಡಬ್ಯಾಡ ಅಂದೇನಿ.

ನಿಮ್ಮ ಕಾಗದ ಬಂದಾಗ ವಿದ್ಯಾ ತವರಮನಿಗಿ ಹೋಗಿದ್ದಳ್ರಿ. ಅದಕ್ಕ ಹನಮಪ್ಪನ ಗುಡಿಕಟ್ಟಿ ಮ್ಯಾಲ ಟಪಾಲಿನವರ ಕಡೆನ ಓದಿಸಿದೆ. ಎಲ್ಲಾರೂ ಕುಂತಿದ್ರು. ‘ಔಷಧ ಹೊಡೆದಿದ್ದೀರಾ, ನಿಜ ಹೇಳಿ’ ಅಂತ ಅವರು ಓದಿದ್ರು. ಅಲ್ಲೇ ಮಂದಿ ನಕ್ಕರ್ರಿ. ಒಬ್ಬಾಂವ ಅಂದ, ಹೊಳೆಯಪ್ಪ ಜರ್ಮನಿತನಕಾ ಸುಳ್ಳ ಮಾರಿದ ಅಂತ.

ನಮ್ಮ ಮನ್ಯಾಗ ಎಣ್ಣಿ ಹೊಡಿಯೋ ಪಂಪ ಇಲ್ಲ. ಮಂದಿ ಕಡೆ ಇಸಗೊಂಡೂ ಇಲ್ಲ. ನಾ ಹೊಡದಿಲ್ಲ. ನನ್ನ ಸಲುವಾಗಿ ಉಳದ ಏಳು ಮಂದಿ ಹೆಸರ ಹೋಗತಾವ ಅಂದ್ರ ನನ್ನ ಹೆಸರ ಒಂದ ಹೊಡೀರಿ, ಅವರ್ದು ಬಿಡ್ರಿ. ಆದ್ರ ನಾ ಹೊಡದಿಲ್ಲ. ನನ್ನ ಹತ್ತಿ ನನ್ನ ಹೊಲದಿಂದ ಹೋಗೂಮುಂದ ಸ್ವಚ್ಛ ಇತ್ತು. ಮುಂದ ಎಲ್ಲಿ ಏನ ಆತು, ನಿಮ್ಮ ಕಡೆ ಅಷ್ಟ ಪ್ರಶ್ನಿ ಅದಾವಲ್ಲ, ಕೇಳ್ಕೋರ್ರಿ.

ಹೊಳೆಯಪ್ಪನ ಹೆಬ್ಬೆಟ್ಟು

ಅಕ್ಕ, ಇದನ್ನು ನಾನೇ ಸೇರಿಸುತ್ತಿದ್ದೇನೆ. ಮಾವ ಹತ್ತು ದಿನದಿಂದ ಕಟ್ಟೆಯ ಕಡೆ ಹೋಗಿಲ್ಲ. ಊಟಕ್ಕೂ ಕರೆಯಬೇಕಾಗಿದೆ. — ವಿದ್ಯಾ


ಹುಬ್ಬಳ್ಳಿ
22 ಸೆಪ್ಟೆಂಬರ್ 2001

ಕಾಕಾ,

ನನ್ನ ಕಾಗದಕ್ಕೆ ನಿಮ್ಮಿಂದ ಉತ್ತರ ಬರಲಿಲ್ಲ. ಹೊಳೆಯಪ್ಪನವರ ಕಾಗದವನ್ನು ಇದರಲ್ಲಿ ಇಟ್ಟಿದ್ದೇನೆ. ಓದಿ.

ನೂಲಿನ ಗಿರಣಿಯವರನ್ನೂ ಕೇಳಿದೆ. ಅಲ್ಲಿಯ ಮೇಸ್ತ್ರಿ ಹೇಳಿದರು, ಆ ಅರಳೆಯಲ್ಲಿ ಉದ್ದ ಎಳೆ ಕಂಡಿತ್ತಂತೆ. ಜಯಧರದಲ್ಲಿ ಉದ್ದ ಎಳೆ ಇರುವುದಿಲ್ಲ.

ಪ್ರಶ್ನೆ 17 ಅನ್ನು ಇನ್ನೊಮ್ಮೆ ಕೇಳುತ್ತಿದ್ದೇನೆ.

ಆರತಿ


ಅಮರಗೋಳ
26 ಸೆಪ್ಟೆಂಬರ್ 2001

ಚಿ. ಆರತಿಗೆ,

ಸೇರಿಸಿದವನು ನಾನು.

ಏಪ್ರಿಲ್‌ನಲ್ಲಿ ಆ ಗಿರಣಿ ಮೇಸ್ತ್ರಿ ನನಗೆ ಹೇಳಿದ್ದ, ಇಷ್ಟು ವರ್ಷ ಜಯಧರದ ನೂಲು ಹೊಕ್ಕಿನ ಅಡ್ಡ ಎಳೆಗಷ್ಟೇ ಹೋಗುತ್ತಿತ್ತು, ಈ ಸಲ ಹಾಸಿನ ಉದ್ದ ಎಳೆಗೂ ಅದೇ, ತಡೆಯುವುದಿಲ್ಲ, ಹರಿದು ಹರಿದು ಹುಡುಗಿಗೆ ಸಾಕಾಗುತ್ತದೆ ಎಂದು. ಆರು ನೂರು ಜಮಖಾನೆ, ಪರದೇಶದ ಗಿರಾಕಿ, ನೀನು ಒಬ್ಬಳೇ. ನನಗೆ ತಡೆಯಲಿಲ್ಲ. ನನ್ನ ಉಗ್ರಾಣದಲ್ಲಿ ಆ ವರ್ಷದ ಅತ್ಯುತ್ತಮ ಡಿ.ಸಿ.ಎಚ್. ಅರಳೆ ಇತ್ತು. ಹತ್ತು ಪಾಲು ಜಯಧರಕ್ಕೆ ಎರಡು ಪಾಲು ಅದನ್ನು ಬೆರೆಸಿದೆ. ಬೆಲೆಬಾಳುವ ಮಾಲು. ನಿನಗೆ ಹೇಳಲಿಲ್ಲ, ಹೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ. ಶಾಬುದ್ದೀನ ಅಡ್ಡ ಬಂದ. "ಧಣ್ಯಾರ, ಎರಡ ದಿನಾ ಗುಡಿಸಿದ್ದು ಯಾಕ ಮತ್ತ?" ಎಂದು ಕೇಳಿದ. ಅವನಿಗೆ ಬೈದು ಸುಮ್ಮನಾಗಿಸಿದೆ.

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ. ಔಷಧ ಸಿಕ್ಕಿತೆಂಬ ನಿನ್ನ ಕಾಗದ ಬಂದ ದಿನವೇ ನನಗೆ ಎಲ್ಲ ಗೊತ್ತಾಗಿತ್ತು. ಮೂರು ಸಲ ಬರೆಯಲು ಕೂತೆ, ಮೂರು ಸಲ ಹರಿದೆ. ಪೇಟೆಯಲ್ಲಿ ನನ್ನ ನಾಲಿಗೆಯ ಮೇಲೆ ಲಕ್ಷಗಟ್ಟಲೆ ವ್ಯವಹಾರ ನಡೆದಿದೆ, ಸಹಿ ಕೇಳಿದವರಿಲ್ಲ. ಸಹಿ ಮಾಡಿ ಕೊಟ್ಟ ಒಂದೇ ಒಂದು ಮಾತು ಸುಳ್ಳಾಯಿತು.

ಬೇರೆ ಹಾಳೆಯಲ್ಲಿ ಎಲ್ಲವನ್ನೂ ಬರೆದು ಸಹಿ ಮಾಡಿ ಜಿನ್ನಿನ ಸಿಕ್ಕಾ ಒತ್ತಿದ್ದೇನೆ. ಹೊಳೆಯಪ್ಪನದಾಗಲಿ ಉಳಿದ ಏಳು ಜನರದಾಗಲಿ ತಪ್ಪಿಲ್ಲ, ನನ್ನದು. ಹಾಗೇ ಜರ್ಮನಿಗೆ ಕಳಿಸು, ಒಂದಕ್ಷರ ಮೃದು ಮಾಡಬೇಡ.

ಬಸವಪ್ರಭು


ಹುಬ್ಬಳ್ಳಿ
1 ಅಕ್ಟೋಬರ್ 2001

ಕಾಕಾ,

ಹಾಳೆಯನ್ನು ಕಳಿಸಿದ್ದೇನೆ, ಮೃದು ಮಾಡಿಲ್ಲ.

ನನಗೆ ಎಷ್ಟು ಸಿಟ್ಟು ಬಂದಿದೆ ಎಂದರೆ ಎರಡು ದಿನ ಪೆನ್ನು ಹಿಡಿಯಲು ಆಗಲಿಲ್ಲ. ಅಪ್ಪ ಹೋದ ತಿಂಗಳಿಗೇ ನೀವು ಒಬ್ಬ ಗಿರಾಕಿಯನ್ನು ಕರೆತಂದು ನಮ್ಮ ಮಗ್ಗಗಳನ್ನು ಅಳತೆ ಮಾಡಿಸಿದಿರಿ. ಹದಿನಾಲ್ಕೂ ಜನರ ಎದುರು, "ಹೆಣ್ಣ ಹುಡುಗಿ, ಎಷ್ಟ ದಿನಾ ತಡಕೊಂಡೀತು" ಎಂದಿರಿ. ಅಲ್ಲಿಯೇ ನಿಂತಿದ್ದ ನನ್ನನ್ನು ಏನು ಮಾಡೋಣ ಎಂದು ಕೇಳಲಿಲ್ಲ. ಈಗಲೂ ಕೇಳಲಿಲ್ಲ. ಅಂದು ಮಾರಲು ಬಂದಿರಿ, ಇಂದು ಕಾಯಲು ಬಂದಿರಿ. ಎರಡೂ ಸಲ ನಾನು ತಡೆಯಲಾರೆ ಎಂದೇ ನಿಮ್ಮ ಲೆಕ್ಕ. ಪ್ರೀತಿಯಿಂದ ಮಾಡಿದಿರಿ ಎಂಬುದು ಗೊತ್ತು. ಅದು ಗೊತ್ತಿರುವುದರಿಂದಲೇ ಹೆಚ್ಚು ಸಂಕಟ.

ಮೂರು ವಾರ ನೀವು ಸುಮ್ಮನಿದ್ದಿರಿ, ಆ ಮೂರು ವಾರ ಹೊಳೆಯಪ್ಪ ಕಟ್ಟೆಗೆ ಹೋಗಲಿಲ್ಲ. ಅವರ ಮೇಲೆ ಅನುಮಾನ ಬರೆದು ಕಳಿಸಿದವಳು ನಾನು, ಅದು ನನ್ನ ತಪ್ಪು; ಕ್ಷಮೆ ಕೇಳಿ ಬರೆದಿದ್ದೇನೆ. ನಿಮ್ಮದಕ್ಕೆ ಕಾಗದ ಸಾಲದು. ಅವರ ಮಾನ ಹೋದದ್ದು ಕಟ್ಟೆಯ ಮೇಲೆ. ಅಲ್ಲಿಗೇ ಹೋಗಿ ಹೇಳಿ.

ಆರತಿ


ಅಮರಗೋಳ
15 ಅಕ್ಟೋಬರ್ 2001

ಚಿ. ಆರತಿಗೆ,

ಹೋಗಿದ್ದೆ. ಹೋದ ಸೋಮವಾರ, ಊರವರೆಲ್ಲ ಹೊಲಕ್ಕೆ ಹೋಗದ ದಿನ ನೋಡಿಕೊಂಡು. ವಿದ್ಯಾಳೇ ಮಾವನನ್ನು ಕಟ್ಟೆಗೆ ಕರೆತಂದಳು. ನಿಂತುಕೊಂಡು ಹೇಳಿದೆ, "ಹೊಳೆಯಪ್ಪ ಎಣ್ಣಿ ಹೊಡದಿಲ್ಲ. ಹೊಡದಿದ್ದ ಹತ್ತಿ ಬೆರಸಿದಾಂವ ನಾನು." ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತು.

ಹೊಳೆಯಪ್ಪ, "ಯಾಕ ಬೆರಸಿದ್ರಿ?" ಎಂದ. ನೂಲು ಹರಿಯಬಾರದು ಎಂದು ಅಂದೆ. "ನಮ್ಮ ಹತ್ತಿ ಹರಿತೈತಿ ಅಂತ ನೋಡಿದ್ರ್ಯಾ?" ಎಂದ. ಇಲ್ಲ, ಕೇಳಿದ್ದೆ ಎಂದೆ. "ಅಷ್ಟ ಪ್ರಶ್ನಿ ಕೇಳಿದ್ರಿ ನನಗ. ಜ್ವಾಳಾ ಯಾರ ತಿಂತಾರ ಅಂತ ಕೇಳಿದ್ರಿ. ಇದೊಂದು ನೂತ ನೋಡೂಣ ಅಂತ ಅನಸಲಿಲ್ಲೇನ್ರಿ?" ಎಂದ. ಮೂವತ್ತೊಂದು ಪ್ರಶ್ನೆಗೆ ಉತ್ತರ ಬರೆದವನಿಗೆ ಆ ಒಂದು ಹೊಳೆಯಲಿಲ್ಲ ಎಂದು ಒಪ್ಪಿಕೊಂಡೆ.

ಆ ಊರಲ್ಲಿ ಈವರೆಗೆ ಚಹಾ ಕುಡಿಯದೆ ಎದ್ದಿರಲಿಲ್ಲ. ಈ ಸಲ ಯಾರೂ ಕೇಳಲಿಲ್ಲ. ಬರುವಾಗ ಹೊಳೆಯಪ್ಪ ಇಷ್ಟು ಮಾತ್ರ ಹೇಳಿದ: ಮುಂದಿನ ಸುಗ್ಗಿಗೆ ಅವನ ಹತ್ತಿ ಜಿನ್ನಿನಲ್ಲಿ ಇರುವಷ್ಟು ದಿನ ಅವನೂ ಅಲ್ಲೇ ಇರುತ್ತಾನಂತೆ. ಆಗಲಿ ಎಂದೆ.

ನಿನ್ನ ಕಾಗದದಲ್ಲಿ ಇದ್ದದ್ದೆಲ್ಲ ಖರೆ. ಮಗ್ಗ ಅಳೆದ ದಿನದ್ದೂ. ಅಣ್ಣ ಹೋದ ದುಃಖಕ್ಕೆ ಏನು ಮಾಡಬೇಕು ತಿಳಿಯದೆ ಒಂದು ಕೆಲಸ ಹುಡುಕಿಕೊಂಡೆ, ಅದು ಅದಾಗಿತ್ತು. ನೀನು ಅಲ್ಲೇ ನಿಂತಿದ್ದೆ. ಕೇಳಬಹುದಿತ್ತು. ನನ್ನದು ತಪ್ಪಾಯಿತು.

ಕಾಕಾ


ಹುಬ್ಬಳ್ಳಿ
4 ಫೆಬ್ರವರಿ 2002

ಪ್ರಿಯ ಕಾಕಾ,

ಜರ್ಮನಿಯಿಂದ ಕೊನೆಗೂ ತೀರ್ಮಾನ ಬಂತು. ಆ ನೂರು ಜಮಖಾನೆಗಳು ಮಕ್ಕಳ ಶಾಲೆಗೆ ಹೋಗುವುದಿಲ್ಲ. ಎಂಟು ಹೆಸರೂ ಉಳಿದಿವೆ. ಇನ್ನೊಂದು ಸುಗ್ಗಿಯ ಅವಕಾಶ ಕೊಟ್ಟಿದ್ದಾರೆ, ಅದೂ ತಪ್ಪಿದರೆ ಮುಗಿಯಿತು.

ನಿಮ್ಮ ಹಾಳೆಯನ್ನು ಆ ಮೇಡಂ ಬಹಳ ಸಲ ಓದಿದರಂತೆ. ಲಾಭಕ್ಕೆ ಕಲಬೆರಕೆ ಮಾಡುವವರನ್ನು ಹಿಡಿಯಲು ಅವರ ಬಳಿ ಪ್ರಶ್ನೆಗಳಿದ್ದವು. ಸ್ವಂತ ಮಾಲು ಕಳೆದುಕೊಂಡು ಕಲಬೆರಕೆ ಮಾಡುವವರು ಇರುತ್ತಾರೆ ಎಂಬುದು ಅವರಿಗೆ ತೋಚಿರಲಿಲ್ಲ. ಹಾಗಾಗಿ ಹೊಸ ಪಟ್ಟಿಯಲ್ಲಿ ಒಂದು ಪ್ರಶ್ನೆ ಹೆಚ್ಚಾಗಿದೆ. ಪ್ರಶ್ನೆ 32: ‘ಒಳ್ಳೆಯದಾಗಲಿ ಎಂಬ ಉದ್ದೇಶದಿಂದ ಯಾರಾದರೂ ಏನನ್ನಾದರೂ ಸೇರಿಸಿದ್ದಾರೆಯೇ?’

ನಾಲ್ಕು ತಿಂಗಳಲ್ಲಿ ಮೊದಲ ಸಲ ನಕ್ಕೆ. ಇನ್ನು ಮುಂದೆ ಅವರಿಗೆ ಮಾಲು ಕೊಡುವವರೆಲ್ಲ ನಿಮ್ಮ ಪ್ರಶ್ನೆಗೆ ಉತ್ತರ ಬರೆಯಬೇಕು.

ಆರತಿ


ಅಮರಗೋಳ
19 ಏಪ್ರಿಲ್ 2002

ಚಿ. ಆರತಿಗೆ ಆಶೀರ್ವಾದಗಳು.

ಹೊಳೆಯಪ್ಪ ರೊಟ್ಟಿಗಂಟು, ಕಂಬಳಿ ಸಮೇತ ಬಂದು ನಾಲ್ಕು ದಿನ ಜಿನ್ನಿನಲ್ಲೇ ಕೂತ. ಮೊದಲ ದಿನ ನನ್ನ ಕಡೆ ನೋಡಲಿಲ್ಲ. ಎರಡನೇ ದಿನ ಯಂತ್ರ ಹೇಗೆ ಬೀಜ ಬಿಡಿಸುತ್ತದೆ ಎಂದು ಶಾಬುದ್ದೀನನನ್ನು ಕೇಳಿದ. ತನ್ನ ಹತ್ತಿ ಅರಳೆಯಾಗುವುದನ್ನು ಅವನೂ ಈವರೆಗೆ ನೋಡಿರಲಿಲ್ಲ! ಮೂರನೇ ದಿನ ಬೀಜ, ಯಂತ್ರ, ಗಾಳಿ, ಎಲ್ಲದರ ಬಗೆಗೂ ಕೇಳಿ ಕೇಳಿ ನಮ್ಮ ತಲೆ ತಿಂದ. ನಾಲ್ಕನೇ ದಿನ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಕಡೆ ಸರಿಸಿದ. ತಿಂದೆ.

ಅರಳೆ ಹೋಗಿದೆ. ಪ್ರಶ್ನೆ 17: ಇಲ್ಲ. ಪ್ರಶ್ನೆ 32: ಇಲ್ಲ. ಎರಡಕ್ಕೂ ನನ್ನ ಸಹಿಯ ಪಕ್ಕ ಹೊಳೆಯಪ್ಪನ ಹೆಬ್ಬೆಟ್ಟಿದೆ.

ನನ್ನದೊಂದು ಪ್ರಶ್ನೆ. ನೂಲು ಬಂದಮೇಲೆ ಅದು ಹರಿಯುತ್ತದೆಯೋ ಹೇಗೆ, ಇದ್ದದ್ದು ಇದ್ದ ಹಾಗೆ ಬರೆ. ಕೆಟ್ಟದ್ದಾದರೂ ಬರೆ. ನಾನು ಏನೂ ಮಾಡುವುದಿಲ್ಲ, ಮಾತು ಕೊಡುತ್ತೇನೆ. ತಿಳಿಯಬೇಕು, ಅಷ್ಟೇ.

ಕಾಕಾ


ಹುಬ್ಬಳ್ಳಿ
27 ಜೂನ್ 2002

ಪ್ರಿಯ ಕಾಕಾ,

ಹರಿಯುತ್ತದೆ. ಮೊದಲ ದಿನ ಮುರಿಗೆವ್ವನ ಮಗ್ಗವೊಂದರಲ್ಲೇ ನಲವತ್ತೇಳು ಸಲ ಹರಿಯಿತು. ನಾನೇ ಪಕ್ಕದಲ್ಲಿ ಕೂತು ಎಣಿಸಿದೆ. ಅವರು ನಿಮ್ಮ ಹತ್ತಿಯನ್ನೂ ಜರ್ಮನಿಯನ್ನೂ ನನ್ನನ್ನೂ ಒಂದೇ ಉಸಿರಿನಲ್ಲಿ ಬೈದರು. ಮಾರನೆಯ ದಿನ ನಲವತ್ತು. ಗಿರಣಿ ಮೇಸ್ತ್ರಿ ನಿಮಗೆ ಹೇಳಿದ್ದು ಸುಳ್ಳಲ್ಲ.

ಆಮೇಲೆ ಹದಿನಾಲ್ಕೂ ಜನ ಕೂಡಿ ಕೂತು ಯೋಚಿಸಿದೆವು. ಒಬ್ಬೊಬ್ಬರು ಒಂದೊಂದು ಹೇಳಿದರು, ಒಂದೊಂದನ್ನೂ ಮಾಡಿ ನೋಡಿದೆವು. ಮೂರು ಉಪಾಯ ಕೆಟ್ಟವು. ನಾಲ್ಕನೆಯದು ಕೈ ಹಿಡಿಯಿತು. ಈಗ ದಿನಕ್ಕೆ ಹನ್ನೊಂದು, ಹೆಚ್ಚೆಂದರೆ ಹನ್ನೆರಡು. ನಿನ್ನೆ ಪ್ರಯೋಗಾಲಯದ ಕಾಗದವೂ ಬಂತು. ಹೊಸ ನೂಲಿನಲ್ಲಿ ಔಷಧ ಏನೂ ಸಿಕ್ಕಿಲ್ಲ. ಶಿರಗುಪ್ಪಿಗೆ ಬರೆದಿದ್ದೇನೆ, ಕಟ್ಟೆಯ ಮೇಲೆ ಟಪಾಲಿನವರ ಕಡೆಯಿಂದಲೇ ಓದಿಸಿ ಎಂದು.

ನಾಲ್ಕನೇ ಉಪಾಯ ಏನು ಎಂದು ನಿಮಗೆ ಈಗಾಗಲೇ ತಲೆ ಕೆಡುತ್ತಿರುತ್ತದೆ. ನಾನು ಬರೆಯುವುದಿಲ್ಲ. ಸೋಮವಾರ ಹತ್ತು ಗಂಟೆಗೆ ಕಾರ್ಖಾನೆಗೆ ಬಂದು ಮಗ್ಗದ ಮುಂದೆ ನಿಂತು ನೋಡಿ. ಬಾಗಿಲಲ್ಲಿ ಏನು ಮಾತಾಡುವುದು ಎಂದು ಯೋಚಿಸುತ್ತ ಕೂರಬೇಡಿ. ಮಾತು ಬಿಟ್ಟವಳು ನಾನು. ಮೊದಲ ಮಾತು ನಾನೇ ಆಡುತ್ತೇನೆ.

ನಿಮ್ಮ,
ಆರತಿ